ಪೋರ್ದೆನೋನೆಯ ಮೂಕಿ ಚಿತ್ರೋತ್ಸವಕ್ಕೆ ಒಂದೇ ದಿನ ಹೋಗುವುದಾದರೆ ಏನನ್ನು ನೋಡಬೇಕು?

ಪ್ರಶ್ನೆ: ಇಸಾರ್ ತೀರದವ

ಎಲ್ಲರಿಗೂ ನಮಸ್ಕಾರ. ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ ಪ್ರಾಂತ್ಯದ ಪೋರ್ದೆನೋನೆ ಎಂಬ ಊರಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಮೂಕಿ ಚಿತ್ರಗಳಿಗೆಂದೇ ಎಂಟು ದಿನಗಳ ಉತ್ಸವವೊಂದು ನಡೆಯುತ್ತದೆ. ‘ಲೆ ಜೋರ್ನಾತೆ ದೆಲ್ ಚಿನೆಮಾ ಮೂತೊ’ ಎಂಬುದು ಅದರ ಹೆಸರು. ನಾನು ಮ್ಯೂನಿಕ್‌ನಲ್ಲಿ ವಾಸಿಸುತ್ತಿದ್ದೇನೆ. ರಜೆಯ ಇಕ್ಕಟ್ಟಿನಿಂದಾಗಿ ಅಲ್ಲಿ ಪೂರ್ತಿಯಾಗಿ ಕಳೆಯಲು ನನಗೆ ಒಂದು ದಿನ ಮಾತ್ರ ಸಿಗುತ್ತದೆ. ಹಿಂದಿನ ವರ್ಷಗಳ ಕಾರ್ಯಕ್ರಮ ಪಟ್ಟಿಗಳನ್ನು ತೆರೆದು ನೋಡಿದಾಗ, ಬೆಳಗಿನಿಂದ ನಡುರಾತ್ರಿಯವರೆಗೆ ಒಂದರ ಹಿಂದೊಂದು ಪ್ರದರ್ಶನಗಳಿರುವುದು ಕಂಡಿತು. ಅವುಗಳಲ್ಲಿ ಬಹುಪಾಲು ಚಿತ್ರಗಳ ಹೆಸರನ್ನೇ ನಾನು ಕೇಳಿಲ್ಲ. ಚಾಪ್ಲಿನ್, ಕೀಟನ್, ಮುರ್ನೌ ಇವರ ಕೆಲವು ಚಿತ್ರಗಳನ್ನು ಮನೆಯಲ್ಲಿ ನೋಡಿರುವುದಷ್ಟೇ ನನ್ನ ಬಂಡವಾಳ. ಇಷ್ಟು ತಿಳಿವಳಿಕೆಯವನು ಇಡೀ ದಿನ ಕುಳಿತರೆ ಏನಾದರೂ ದಕ್ಕೀತೇ, ಅಥವಾ ವಾದ್ಯವೃಂದದೊಡನೆ ದೊಡ್ಡ ಚಿತ್ರ ತೋರಿಸುವ ಸಂಜೆಯೊಂದನ್ನು ಮಾತ್ರ ಆರಿಸಿಕೊಳ್ಳುವುದು ಜಾಣತನವೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ರೀಲು

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ. ಸಂಜೆಯ ದೊಡ್ಡ ಪ್ರದರ್ಶನಕ್ಕಾಗಿಯೇ ಅಷ್ಟು ದೂರ ಹೋಗುವುದಾದರೆ, ಹೋಗದಿರುವುದೇ ಲೇಸು. ವಾದ್ಯವೃಂದದೊಡನೆ ಹೆಸರಾಂತ ಮೂಕಿ ಚಿತ್ರವನ್ನು ತೋರಿಸುವ ಸಂಪ್ರದಾಯ ಯುರೋಪಿನ ಹಲವು ನಗರಗಳಲ್ಲಿದೆ. ಅದು ನಿಮಗೆ ಮ್ಯೂನಿಕ್‌ನಲ್ಲಿಯೇ ಸಿಗಬಹುದು. ಪೋರ್ದೆನೋನೆಯಲ್ಲಿ ಮಾತ್ರ ಸಿಗುವಂಥದ್ದು, ವಾರದ ನಡುವಿನ ಯಾವುದೋ ದಿನ ಬೆಳಗಿನ ಹತ್ತು ಗಂಟೆಗೆ, ಯಾರೂ ಹೆಸರು ಕೇಳಿರದ ಚಿತ್ರವೊಂದು ನೂರು ವರ್ಷಗಳ ಬಳಿಕ ತುಂಬಿದ ಸಭಾಂಗಣದ ಮುಂದೆ ಬರುವ ಸಂದರ್ಭ.

ದಿನದ ಚೌಕಟ್ಟು ಸ್ಥೂಲವಾಗಿ ಹೀಗಿರುತ್ತದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮೊದಲ ಪ್ರದರ್ಶನ ಆರಂಭವಾಗಿ ಮಧ್ಯಾಹ್ನದವರೆಗೆ ಸಾಗುತ್ತದೆ. ಊಟದ ಬಿಡುವಿನ ನಂತರ ಸಂಜೆಯವರೆಗೆ ಇನ್ನೊಂದು ಸರಣಿ. ರಾತ್ರಿ ಎಂಟೂವರೆಯ ಆಸುಪಾಸಿಗೆ ಮುಖ್ಯ ಚಿತ್ರ. ಅದರ ಬೆನ್ನಿಗೆ ನಡುರಾತ್ರಿಯನ್ನು ಮುಟ್ಟುವ ಮತ್ತೊಂದು. ಬಹುತೇಕ ಎಲ್ಲವೂ ವೆರ್ದಿ ರಂಗಮಂದಿರ ಎಂಬ ಒಂದೇ ಕಟ್ಟಡದಲ್ಲಿ ನಡೆಯುವುದರಿಂದ, ಬೇರೆ ಉತ್ಸವಗಳಲ್ಲಿ ಆಗುವಂತೆ ಒಂದು ಚಿತ್ರಮಂದಿರದಿಂದ ಇನ್ನೊಂದಕ್ಕೆ ಓಡುವ, ಅಲ್ಲಿ ಸಾಲು ನಿಂತು ಸೀಟು ಸಿಗದೆ ಮರಳುವ ಪಾಡು ಇಲ್ಲಿಲ್ಲ. ಎಲ್ಲರೂ ಒಂದೇ ಚಿತ್ರವನ್ನು ಒಂದೇ ಹೊತ್ತಿನಲ್ಲಿ ನೋಡಿರುತ್ತಾರೆ. ಹೀಗಾಗಿ ಬಿಡುವಿನಲ್ಲಿ ಹೊರಗಿನ ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನ ಅಪರಿಚಿತರೊಡನೆಯೂ ಮಾತು ತಾನಾಗಿ ಹುಟ್ಟುತ್ತದೆ, ಆ ಅಪರಿಚಿತರು ಆಗಾಗ ಆ ಚಿತ್ರವನ್ನು ಉಳಿಸಿದ ಸಂಗ್ರಹಾಲಯದವರೇ ಆಗಿರುತ್ತಾರೆ.

ಹಗಲಿನ ಪ್ರದರ್ಶನಗಳನ್ನು ಸಂಶೋಧಕರ ಚಪಲವೆಂದು ತಳ್ಳಿಹಾಕುವವರಿಗೆ ನಾನು 1989ರ ಉದಾಹರಣೆ ಕೊಡುತ್ತೇನೆ. ಆ ವರ್ಷ ಇಲ್ಲಿ ರಷ್ಯದ ಕ್ರಾಂತಿಪೂರ್ವ ಚಿತ್ರಗಳ ದೊಡ್ಡ ಸರಣಿ ನಡೆಯಿತು. 1917ರಲ್ಲಿ ತೀರಿಕೊಂಡ ಯೆವ್ಗೆನಿ ಬಾವುರ್ ಎಂಬ ನಿರ್ದೇಶಕರನ್ನು ಸೋವಿಯತ್ ಕಾಲದ ಚರಿತ್ರೆ ಬಹುಮಟ್ಟಿಗೆ ಮರೆತಿತ್ತು. ಹೊರಗಿನ ಜಗತ್ತಿಗೆ ಅವರ ಪರಿಚಯವೇ ಇರಲಿಲ್ಲ. ರಷ್ಯದ ಚಲನಚಿತ್ರ ಕಲೆ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್‌ನಿಂದ ಆರಂಭವಾಗುತ್ತದೆ ಎಂಬ ಪಠ್ಯಪುಸ್ತಕದ ಮಾತು ಆ ಸರಣಿಯ ಬಳಿಕ ನಿಲ್ಲಲಿಲ್ಲ. ಮರುವರ್ಷ ಜರ್ಮನಿಯ ಸರದಿ ಬಂತು: 1920ರ ಹೆಸರಾಂತ ಚಿತ್ರ ‘ಕ್ಯಾಲಿಗರಿ’ಗಿಂತ ಹಿಂದಿನ ಜರ್ಮನ್ ಚಿತ್ರಗಳನ್ನು ಅಲ್ಲಿ ಒಟ್ಟಾಗಿ ತೋರಿಸಲಾಯಿತು. ಮುಂದೆ 1997ರಿಂದ 2008ರವರೆಗೆ ಅಮೆರಿಕದ ನಿರ್ದೇಶಕ ಗ್ರಿಫಿತ್‌ನ ಲಭ್ಯ ಚಿತ್ರಗಳನ್ನೆಲ್ಲ ವರ್ಷ ವರ್ಷವೂ ಅನುಕ್ರಮವಾಗಿ ತೋರಿಸಿದರು. ಇಂಥ ಹಟ ಬೇರೆ ಯಾವ ಉತ್ಸವಕ್ಕಿದೆ?

ಆದ್ದರಿಂದ ಶನಿವಾರದ ಉದ್ಘಾಟನೆ, ಮುಂದಿನ ಶನಿವಾರದ ಸಮಾರೋಪ ಇವೆರಡನ್ನೂ ಬಿಟ್ಟು, ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನವನ್ನು ಆರಿಸಿಕೊಳ್ಳಿ.

ಉತ್ತರ: ತೀರ್ಮಾನ ತಾಳ

‘ಹಳೆಯ ರೀಲು’ ಅವರ ಸಲಹೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅವರು ಸಂಗೀತದ ವಿಷಯವನ್ನೇ ಎತ್ತಲಿಲ್ಲ. ನನ್ನ ಮಟ್ಟಿಗೆ ಅಲ್ಲಿಗೆ ಹೋಗಲು ಅದೇ ಮುಖ್ಯ ಕಾರಣ.

ಪ್ರತಿಯೊಂದು ಚಿತ್ರಕ್ಕೂ, ಅದು ಮೂರು ನಿಮಿಷದ ತುಣುಕಾಗಿದ್ದರೂ, ಪರದೆಯ ಕೆಳಗೆ ಕುಳಿತ ವಾದಕರು ಅಲ್ಲೇ ನೇರವಾಗಿ ನುಡಿಸುತ್ತಾರೆ. ನೀಲ್ ಬ್ರ್ಯಾಂಡ್, ಸ್ಟೀಫನ್ ಹಾರ್ನ್, ಗುಂಟರ್ ಬುಕ್‌ವಾಲ್ಡ್, ಡೊನಾಲ್ಡ್ ಸೋಸಿನ್, ಜಾನ್ ಸ್ವೀನಿ ಮುಂತಾದವರು ಅಲ್ಲಿ ವರ್ಷಗಳಿಂದ ನುಡಿಸುತ್ತ ಬಂದವರು. ಹಾರ್ನ್ ಅವರು ಪಿಯಾನೊ ನುಡಿಸುತ್ತಲೇ ಕೊಳಲನ್ನೂ ಅಕಾರ್ಡಿಯನ್ನನ್ನೂ ಎತ್ತಿಕೊಳ್ಳುವುದನ್ನು ನೋಡುವುದೇ ಒಂದು ಸೊಗಸು. ಹಗಲಿನ ಎಷ್ಟೋ ಚಿತ್ರಗಳಿಗೆ ಬರೆದಿಟ್ಟ ಸ್ವರಲಿಪಿ ಇರುವುದಿಲ್ಲ. ಭಾಗವತರು ವೇಷಧಾರಿಯ ಹೆಜ್ಜೆಯನ್ನು ಗಮನಿಸುತ್ತ ಪದವನ್ನು ಹಿಗ್ಗಿಸುವಂತೆ, ಕುಗ್ಗಿಸುವಂತೆ, ವಾದಕರು ದೃಶ್ಯವನ್ನು ನೋಡುತ್ತ ಆ ಕ್ಷಣದಲ್ಲಿ ಕಟ್ಟುತ್ತ ಹೋಗುತ್ತಾರೆ. ಒಳ್ಳೆಯ ವಾದಕರು ಪ್ರತಿ ಬೀಳುವಿಕೆಗೂ ಒಂದು ಢಮ್ ಎನ್ನಿಸುವುದಿಲ್ಲ. ಪಾತ್ರವು ಬಾಗಿಲನ್ನು ತಟ್ಟುವ ಮೊದಲೇ ಒಂದು ಸ್ವರವನ್ನು ತಡೆಹಿಡಿದು, ಬಾಗಿಲು ತೆರೆದ ಮೇಲೂ ಅದನ್ನು ಬಿಡದೆ, ನಮ್ಮನ್ನು ಕಾಯಿಸುತ್ತಾರೆ. ಈ ತಡೆಯುವಿಕೆಯನ್ನು ಗಮನಿಸಲು ಕಲಿತರೆ ದಿನದ ಆರನೆಯ ಚಿತ್ರದ ಹೊತ್ತಿಗೂ ಆಯಾಸ ತಿಳಿಯದು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಎಳೆಯ ವಾದಕರಿಗೆ ಈ ಕಲೆಯನ್ನು ಕಲಿಸುವ ಪಾಠಗಳು ಉತ್ಸವದ ದಿನಗಳಲ್ಲಿಯೇ ನಡೆಯುತ್ತವೆ, ಸಾರ್ವಜನಿಕರೂ ಅಲ್ಲಿ ಕುಳಿತು ಕೇಳಬಹುದು. ಒಂದೇ ದೃಶ್ಯಕ್ಕೆ ವಿದ್ಯಾರ್ಥಿಯು ಒಂದು ಬಗೆಯಾಗಿ, ಗುರುವು ಇನ್ನೊಂದು ಬಗೆಯಾಗಿ ನುಡಿಸಿದಾಗ ದೃಶ್ಯದ ಅರ್ಥವೇ ಬದಲಾಗುತ್ತದೆ. ನಿಮ್ಮ ದಿನದಲ್ಲಿ ಒಂದು ಚಿತ್ರವನ್ನು ಬಿಟ್ಟಾದರೂ ಇದಕ್ಕೆ ಹೋಗಿ.

ಸಂಜೆಯ ಪ್ರದರ್ಶನವನ್ನು ‘ಹಳೆಯ ರೀಲು’ ಅವರು ತೀರಾ ಹಗುರವಾಗಿ ಕಂಡಿದ್ದಾರೆ ಎಂಬುದು ಮಾತ್ರ ನನ್ನ ತಕರಾರು. ಬೆಳಗಿನಿಂದ ಒಬ್ಬರೇ ನುಡಿಸುವುದನ್ನು ಕೇಳಿದ ಕಿವಿಗೆ ರಾತ್ರಿ ಅದೇ ಸಭಾಂಗಣದಲ್ಲಿ ತುಂಬು ವಾದ್ಯವೃಂದ ಕೇಳಿಸಿದಾಗ ಆಗುವ ವ್ಯತ್ಯಾಸ, ಬರೀ ಸಂಜೆಗೆ ಬಂದವರಿಗೆ ತಿಳಿಯುವಂಥದ್ದಲ್ಲ.

ಉತ್ತರ: ನೈಟ್ರೇಟ್

ಸಂಗ್ರಹಾಲಯದ ಕೆಲಸದ ಹತ್ತಿರವಿರುವವನಾಗಿ ಒಂದು ಉಪಯುಕ್ತ ಸಲಹೆ ಕೊಡಬಲ್ಲೆ. ಉತ್ಸವದ ಕೈಪಿಡಿಯನ್ನು ಇಟಾಲಿಯನ್ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಪ್ರಕಟಿಸಿ ಅಂತರ್ಜಾಲದಲ್ಲಿಯೂ ಇಡುತ್ತಾರೆ. ಅದರಲ್ಲಿ ಪ್ರತಿ ಚಿತ್ರದ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿರುತ್ತದೆ: ತೋರಿಸುವ ಪ್ರತಿಯು (ಕಾಪಿ) 35 ಎಂ.ಎಂ. ರೀಲೋ ಡಿಜಿಟಲ್ಲೋ, ಮೂಲ ಉದ್ದ ಎಷ್ಟು ಮೀಟರ್, ಸೆಕೆಂಡಿಗೆ ಎಷ್ಟು ಚೌಕಟ್ಟುಗಳ (ಫ್ರೇಮ್) ವೇಗ, ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಫಲಕಗಳು ಯಾವ ಭಾಷೆಯಲ್ಲಿವೆ, ಆ ಪ್ರತಿ ಯಾವ ಸಂಗ್ರಹಾಲಯದಿಂದ ಬಂದಿದೆ. ಚಿತ್ರದ ಕಥಾಸಾರಕ್ಕಿಂತ ಮೊದಲು ಈ ಸಾಲನ್ನು ಓದಿ.

ವೇಗದ ವಿಷಯವನ್ನು ಸ್ವಲ್ಪ ವಿವರಿಸುತ್ತೇನೆ. ಮೂಕಿ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 24 ಚೌಕಟ್ಟುಗಳವರೆಗೆ ಚಿತ್ರದಿಂದ ಚಿತ್ರಕ್ಕೆ, ಕೆಲವೊಮ್ಮೆ ಒಂದೇ ಚಿತ್ರದೊಳಗೂ, ವೇಗ ಬದಲಾಗುತ್ತಿತ್ತು. ಟಾಕಿ ಬಂದ ಮೇಲೆ 24 ಸ್ಥಿರವಾಯಿತು. ಸಾವಿರ ಅಡಿಯ 35 ಎಂ.ಎಂ. ರೀಲು 16ರ ವೇಗದಲ್ಲಿ ಹದಿನಾರು ನಿಮಿಷಕ್ಕಿಂತ ಹೆಚ್ಚು ಓಡುತ್ತದೆ. 24ರಲ್ಲಿ ಹನ್ನೊಂದೇ ನಿಮಿಷಕ್ಕೆ ಮುಗಿಯುತ್ತದೆ. ಹಳೆಯ ಚಿತ್ರಗಳಲ್ಲಿ ಜನ ತಟಪಟನೆ ಓಡಾಡುತ್ತಾರೆ ಎಂಬ ನಮ್ಮೆಲ್ಲರ ಕಲ್ಪನೆ ಹುಟ್ಟಿದ್ದು ಬಹುಪಾಲು ಈ ತಪ್ಪು ವೇಗದ ಪ್ರದರ್ಶನಗಳಿಂದ. ಡಿಜಿಟಲ್ ಪ್ರತಿಯನ್ನು ಸಾಮಾನ್ಯವಾಗಿ 24ರಲ್ಲಿಯೇ ತೋರಿಸುವುದರಿಂದ, 18ರ ಚಿತ್ರವಾದರೆ ಪ್ರತಿ ಮೂರನೆಯ ಚೌಕಟ್ಟನ್ನು ಎರಡು ಸಲ ಸೇರಿಸಿ ಲೆಕ್ಕ ಹೊಂದಿಸುತ್ತಾರೆ. ಕಣ್ಣು ಪಳಗಿದವರಿಗೆ ಚಲನೆಯಲ್ಲಿ ಅದರ ಸಣ್ಣ ಮುಗ್ಗರಿಕೆ ಕಾಣುತ್ತದೆ. ನಿಮ್ಮ ದಿನದಲ್ಲಿ ಕನಿಷ್ಠ ಒಂದು ನಿಜವಾದ ರೀಲಿನ ಪ್ರದರ್ಶನ ಇರುವಂತೆ ನೋಡಿಕೊಳ್ಳಿ. ಅದರಲ್ಲೂ ಬಣ್ಣ ಹಾಕಿದ ಪ್ರತಿಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಮೂಕಿ ಚಿತ್ರಗಳಲ್ಲಿ ಬಹುಪಾಲು ಕಪ್ಪು-ಬಿಳುಪಾಗಿರಲಿಲ್ಲ. ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿಗೆಂಪು, ಬೆಂಕಿಗೆ ಕೆಂಪು ಎಂದು ಇಡೀ ಫಿಲ್ಮನ್ನೇ ಬಣ್ಣದಲ್ಲಿ ಅದ್ದುತ್ತಿದ್ದರು.

ಫಲಕಗಳ ಭಾಷೆಯ ಬಗ್ಗೆ ಹೆದರಬೇಡಿ. ಅಮೆರಿಕದ ಚಿತ್ರಕ್ಕೆ ಡಚ್ ಫಲಕಗಳಿರುವುದು ಅಲ್ಲಿ ಸಾಮಾನ್ಯ. ಝಾನ್ ದೆಸ್ಮೆತ್ ಎಂಬ ಹಾಲೆಂಡಿನ ವಿತರಕರು ತಮ್ಮಲ್ಲಿದ್ದ ಪ್ರತಿಗಳನ್ನು ಎಸೆಯದೆ ಉಳಿಸಿಕೊಂಡಿದ್ದರಿಂದ, ಬೇರೆಲ್ಲಿಯೂ ಇಲ್ಲದ ಎಷ್ಟೋ ಚಿತ್ರಗಳು ಡಚ್ ಪ್ರತಿಯಲ್ಲಷ್ಟೇ ಸಿಕ್ಕಿವೆ. ಇಂಗ್ಲಿಷ್ ಮತ್ತು ಇಟಾಲಿಯನ್ ಅನುವಾದ ಸಭಾಂಗಣದಲ್ಲಿ ಕಾಣಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ದೇಶದ ಸುಮಾರು 11,000 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ, ಶೇ. 70ರಷ್ಟು ಪೂರ್ತಿ ಕಳೆದುಹೋಗಿವೆ. ಹೀಗಿರುವಾಗ ಯಾವ ಭಾಷೆಯ ಫಲಕ ಎಂದು ಮುಖ ಸಿಂಡರಿಸಲು ಬರುವುದಿಲ್ಲ.

ಪ್ರಶ್ನಿಸಿದವರ ಮರುನುಡಿ: ಇಸಾರ್ ತೀರದವ

ಮೂವರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಇಂಥ ಉತ್ಸವ ರೋಮ್, ಮಿಲಾನ್‌ಗಳನ್ನು ಬಿಟ್ಟು ಇಷ್ಟು ಸಣ್ಣ ಊರಿನಲ್ಲಿ ನೆಲೆಗೊಂಡದ್ದು ಹೇಗೆ? ಹಾಗೆಯೇ, ಭಾರತದ ಮೂಕಿ ಚಿತ್ರಗಳಿಗೆ ಅಲ್ಲಿ ಎಂದಾದರೂ ಜಾಗ ಸಿಕ್ಕಿದೆಯೇ?

ಉತ್ತರ: ಉದೀನೆ ಕನ್ನಡತಿ

ಮೊದಲ ಸಂದೇಹಕ್ಕೆ ಉತ್ತರ ಈ ಪ್ರಾಂತ್ಯದ ಭೂಕಂಪದಲ್ಲಿದೆ. 1976ರ ಮೇ 6ರಂದು ಫ್ರಿಯೂಲಿ ನಡುಗಿದಾಗ ಜೆಮೋನಾ ಮತ್ತು ಸುತ್ತಲಿನ ಊರುಗಳು ನೆಲಸಮವಾದವು, ಒಂಬೈನೂರಕ್ಕೂ ಹೆಚ್ಚು ಜನ ಸತ್ತರು. ಮನೆ ಕಳೆದುಕೊಂಡವರಿಗಾಗಿ ಜೆನೋವಾದ ಚಿತ್ರಸಂಗ್ರಹಕಾರ ಅಂಜೆಲೊ ಹುಮೌಡಾ ಅವರು ಹಳೆಯ ಚಿತ್ರಗಳನ್ನು ಹೊತ್ತು ತಂದು ತೋರಿಸಿದರು. ಅದರ ಪ್ರೇರಣೆಯಿಂದ ಮರುವರ್ಷ ಜೆಮೋನಾದಲ್ಲಿ ಚಿನೆತೇಕಾ ದೆಲ್ ಫ್ರಿಯೂಲಿ ಎಂಬ ಚಿತ್ರಸಂಗ್ರಹಾಲಯ ಹುಟ್ಟಿತು. ಆ ಸಂಸ್ಥೆಯವರೂ ಪೋರ್ದೆನೋನೆಯ ಚಿನೆಮಾಜ಼ೆರೊ ಎಂಬ ಚಿತ್ರಸಂಘದವರೂ ಕೂಡಿ 1982ರಲ್ಲಿ ಫ್ರಾನ್ಸಿನ ಹಾಸ್ಯನಟ ಮ್ಯಾಕ್ಸ್ ಲಿಂಡರ್‌ನ ಚಿತ್ರಗಳೊಡನೆ ಈ ಉತ್ಸವವನ್ನು ಚಿಕ್ಕದಾಗಿ ಆರಂಭಿಸಿದರು. 1999ರಿಂದ 2006ರವರೆಗೆ ಪಕ್ಕದ ಸಾಚೀಲೆಯಲ್ಲಿ ನಡೆದು, 2007ರಲ್ಲಿ ಪೋರ್ದೆನೋನೆಯ ಹೊಸ ವೆರ್ದಿ ರಂಗಮಂದಿರಕ್ಕೆ ಮರಳಿತು. ಊರಿಗೂ ಚಿತ್ರಗಳಿಗೂ ಇರುವ ನಂಟು ವಿಚಿತ್ರವಾದದ್ದು: ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ 1938ರಲ್ಲಿ ನಾಟಕವೊಂದರ ಜೊತೆಗೆಂದು ಚಿತ್ರಿಸಿ ಮುಗಿಸದೆ ಬಿಟ್ಟ ‘ಟೂ ಮಚ್ ಜಾನ್ಸನ್’ನ ರೀಲುಗಳು ಕಳೆದುಹೋದವೆಂದೇ ಎಲ್ಲರೂ ನಂಬಿದ್ದರು, ಅವು ಸಿಕ್ಕಿದ್ದು ಇದೇ ಪೋರ್ದೆನೋನೆಯ ಗೋದಾಮಿನಲ್ಲಿ. 2013ರಲ್ಲಿ ಅದರ ಮೊದಲ ಪ್ರದರ್ಶನವೂ ಈ ಉತ್ಸವದಲ್ಲಿಯೇ ಆಯಿತು.

ಭಾರತದ ಚಿತ್ರಗಳ ವಿಷಯ. 1994ರಲ್ಲಿ ಇಲ್ಲಿ ಭಾರತದ ಮೂಕಿ ಚಿತ್ರಗಳ ವಿಶೇಷ ಸರಣಿ ನಡೆಯಿತು, ಅದರೊಡನೆ ಸುರೇಶ್ ಛಾಬ್ರಿಯಾ ಅವರ ಸಂಪಾದಕತ್ವದ ಒಂದು ಮಹತ್ವದ ಗ್ರಂಥವೂ ಬಂತು. ನಮ್ಮಲ್ಲಿ ತಯಾರಾದ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಪೂರ್ಣವಾಗಿಯೋ ತುಣುಕಾಗಿಯೋ ಉಳಿದಿರುವುದು ಮೂವತ್ತರ ಆಸುಪಾಸು ಎಂಬುದನ್ನು ನೆನೆದರೆ, ಆ ಸರಣಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮ್ಯೂನಿಕ್ ನಿವಾಸಿಯಾದ ನಿಮಗೆ ಇನ್ನೊಂದು ವಿಷಯ ಹಿಡಿಸಬಹುದು: ಹಿಮಾಂಶು ರಾಯ್ ಅವರ ‘ಪ್ರೇಮ್ ಸನ್ಯಾಸ್’ ಚಿತ್ರ 1925ರಲ್ಲಿ ನಿಮ್ಮ ಊರಿನ ಎಮೆಲ್ಕಾ ಕಂಪನಿಯ ಸಹಯೋಗದಲ್ಲಿ ತಯಾರಾದದ್ದು, ನಿರ್ದೇಶಿಸಿದ ಫ್ರಾನ್ಜ಼್ ಓಸ್ಟೆನ್ ಕೂಡ ಅಲ್ಲಿಯವರೇ. ಆ ಕಾಲದಲ್ಲಿ ನಮ್ಮ ಕಡೆ ಇಂಥ ಚಿತ್ರಗಳಿಗೆ ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದರು. ಪಿಯಾನೊದೊಡನೆ ನೋಡಿದಾಗ ಬೇರೆಯದೇ ಚಿತ್ರವಾಗಿ ಕಾಣುವುದು ಸಹಜ.

‘ಹಳೆಯ ರೀಲು’ ಅವರ ಮಾತಿಗೆ ಒಂದು ಸೇರ್ಪಡೆ. ಹಗಲಿನ ಕಾರ್ಯಕ್ರಮವೆಂದರೆ ಗಂಭೀರವಾದದ್ದೇ ಎಂದುಕೊಳ್ಳಬೇಡಿ. ‘ನ್ಯಾಸ್ಟಿ ವಿಮೆನ್’ ಎಂಬ ಹೆಸರಿನಲ್ಲಿ 2017ರಿಂದ ತೋರಿಸಿದ ಹಾಸ್ಯ ತುಣುಕುಗಳಲ್ಲಿ ಮನೆಗೆಲಸದವರು, ಹುಡುಗಿಯರು, ಅಡುಗೆಯವರು ಮನೆಯನ್ನೇ ಕೆಡವಿಹಾಕುತ್ತಾರೆ. ಫ್ರಾನ್ಸಿನ ಪಾಥೆ ಕಂಪನಿಯ ಲಿಯೊಂತೀನ್ ಎಂಬ ತುಂಟ ಹುಡುಗಿಯ ಸರಣಿ ಅವುಗಳಲ್ಲಿ ಮೇಲು. ಆ ಪಾತ್ರವನ್ನು ಮಾಡಿದ ನಟಿಯ ಹೆಸರು ಇಂದಿಗೂ ಪತ್ತೆಯಾಗಿಲ್ಲ. ಪಟ್ಟಿಯಲ್ಲಿ ಇಂಥ ತುಣುಕುಗಳ ಗುಚ್ಛ ಕಂಡರೆ, ಎರಡು ಗಂಟೆಯ ದುರಂತ ಕಥೆಯನ್ನು ಬಿಟ್ಟು ಇದಕ್ಕೆ ಕುಳಿತುಕೊಳ್ಳಿ.

ಪ್ರಯಾಣದ ಬಗ್ಗೆ: ವೆನಿಸ್‌ನ ಮೇಸ್ತ್ರೆ ನಿಲ್ದಾಣದಿಂದ ಉದೀನೆ ಕಡೆಗೆ ಹೋಗುವ ಪ್ರಾದೇಶಿಕ ರೈಲು ಸುಮಾರು ಒಂದು ಗಂಟೆಯಲ್ಲಿ ಪೋರ್ದೆನೋನೆ ತಲುಪಿಸುತ್ತದೆ. ಬೆಳಗಿನ ಮೊದಲ ಪ್ರದರ್ಶನಕ್ಕೆ ಕುಳಿತುಕೊಳ್ಳಬೇಕಾದರೆ ಹಿಂದಿನ ರಾತ್ರಿಯೇ ಬಂದು ತಂಗುವುದು ಅನಿವಾರ್ಯ, ಕೊನೆಯ ಚಿತ್ರ ಮುಗಿಯುವ ಹೊತ್ತಿಗೆ ವೆನಿಸ್ ಕಡೆಗೆ ಮರಳುವ ರೈಲನ್ನು ನೆಚ್ಚಿಕೊಳ್ಳಬಾರದು. ಉತ್ಸವದ ವಾರದಲ್ಲಿ ಊರಿನ ಹೋಟೆಲುಗಳು ಬೇಗ ತುಂಬುತ್ತವೆ. ಪೋರ್ದೆನೋನೆಯಲ್ಲಿ ಕೋಣೆ ಸಿಗದಿದ್ದರೆ ಸಾಚೀಲೆಯಲ್ಲಿ ಹುಡುಕಿ. ಅದು ಅದೇ ರೈಲು ಮಾರ್ಗದ ಮೇಲಿದೆ, ಆದರೆ ನಡುರಾತ್ರಿಯ ಪ್ರದರ್ಶನದ ನಂತರ ಅಲ್ಲಿಗೆ ಹೋಗಲು ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕಾಗುತ್ತದೆ.