ಮೌಲಾನಾ ಸಾಬ್‌ಗೆ ಕೇಳಿ: ನಮಾಜ್ ಪ್ರಶ್ನೋತ್ತರ, ಮುಂಬೈ ಕನ್ನಡ ಗ್ರೂಪ್

ವಿರಾರ್ ಲೋಕಲ್: ಸಲಾಂ ಮೌಲಾನಾ. ವಿರಾರಿಂದ ಚರ್ಚ್‌ಗೇಟ್ 60 ಕಿ.ಮೀ., ದಿನಾ ಓಡಾಟ. ಮಧ್ಯಾಹ್ನದ ಝೊಹರ್ ನಮಾಜ್ ನಾಲ್ಕರ ಬದ್ಲು ಎರಡು ರಕಾತ್ (ನಮಾಜಿನ ಸುತ್ತು) ಓದಬಹುದಾ?

ಮೌಲಾನಾ: ವಅಲೈಕುಂ ಸಲಾಂ. ಇಲ್ಲ. ಸುಮಾರು 78 ಕಿ.ಮೀ. ದಾಟಿದ್ರೆ ಮುಸಾಫಿರ್ (ಪ್ರಯಾಣಿಕ), ಆಗ್ಲೇ ಕಮ್ಮಿ ಓದೋದು. ಪುಣೆಗೆ ಹೋದ್ರೆ, 15 ದಿನಕ್ಕಿಂತ ಕಮ್ಮಿ ಇರೋದಾದ್ರೆ, ಝೊಹರ್, ಸಂಜೆಯ ಅಸರ್, ರಾತ್ರಿಯ ಇಶಾ ಎರಡೆರಡು. ಸೂರ್ಯಾಸ್ತದ ಮಗ್ರಿಬ್ ಮೂರೇ.

ಮುಂಬ್ರಾ ಮನೆ: ಹಜರತ್, ಅಮ್ಮಿಗೆ ಮರೆವಿನ ಕಾಯಿಲೆ. ಓದಿದ್ ನಮಾಜೇ ಮತ್ತೆ ಓದ್ತಾರೆ, ಎಷ್ಟು ರಕಾತ್ ಆಯ್ತೋ ಅಂತ ಅಳ್ತಾರೆ. ರಾತ್ರಿ ಎರಡಕ್ಕೆ ಬೆಳಗಿನ ಫಜರ್ ನಮಾಜ್ ಅಂತ ಎದ್ದು ವುಜೂಗೆ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದು) ಹೋಗಿ ಬಾತ್ರೂಮಲ್ಲಿ ಜಾರಿ ಬಿದ್ರು. ತಡೆದ್ರೆ ನಮಗೆ ಗುನಾ (ಪಾಪ) ಬರುತ್ತಾ?

ಕುರ್ಲಾ ಅಕ್ಕ: ಆಫೀಸಲ್ಲಿ ವುಜೂಗೆ ಜಾಗ ಇಲ್ಲ, ಕಾಲು ತೊಳೆಯೋ ಬದ್ಲು ಕಾಟನ್ ಸಾಕ್ಸ್ ಮೇಲೆ ಒದ್ದೆ ಕೈಯಲ್ಲಿ ಒರೆಸಿದ್ರೆ ಆಗುತ್ತಾ?

ಮೌಲಾನಾ: ಮುಂಬ್ರಾ ಭಾಯ್, ಮೊದ್ಲು ಬಿದ್ದಿದ್ದಕ್ಕೆ ಡಾಕ್ಟರಿಗೆ ತೋರ್ಸಿದ್ರಾ? ರಾತ್ರಿ ಒಬ್ರನ್ನೇ ಬಿಡಬೇಡಿ, ಮಂಚದ ಹತ್ರನೇ ಟಬ್ ಇಟ್ಟು ವುಜೂ ಮಾಡ್ಸಿ. ನಿಂತು ಆಗದಿದ್ರೆ ಕೂತು, ಅದೂ ಆಗದಿದ್ರೆ ಮಲಗಿ ಅಂತ ಬುಖಾರಿ ಹದೀಸ್ (ಪ್ರವಾದಿ ವಚನ) ಗ್ರಂಥದಲ್ಲಿದೆ, ಮೂಲವ್ಯಾಧಿ ಇದ್ದ ಇಮ್ರಾನ್ ಬಿನ್ ಹುಸೈನ್ ಅವ್ರಿಗೆ ಹುಜೂರ್ (ಪ್ರವಾದಿ) ಹೇಳಿದ್ದು. ಇನ್ನು ಲೆಕ್ಕ. ಮಂಪರಲ್ಲಿ ರಕಾತ್, ಸಜ್ದಾ (ಹಣೆ ನೆಲಕ್ಕಿಡೋದು) ಲೆಕ್ಕ ಸಿಗದ ರೋಗಿ ಮೇಲೆ ನಮಾಜ್ ಕಡ್ಡಾಯ ಅಲ್ಲ, ಪಕ್ಕದಲ್ಲಿ ಇನ್ನೊಬ್ರು ಹೇಳ್ಕೊಟ್ಟು ಓದ್ಸಿದ್ರೂ ಆಗುತ್ತೆ ಅಂತ ದುರ್ರೆ ಮುಖ್ತಾರ್ ಅನ್ನೋ ಹನಫಿ ಪಂಥದ ಧರ್ಮಶಾಸ್ತ್ರ ಗ್ರಂಥದಲ್ಲಿದೆ, ಇವ್ರದ್ದೂ ಹಂಗೇ ಅಂದ್ಕೊಳಿ. ಮನೇಲಿ ಮಕ್ಳಿದ್ರೆ ಪಕ್ಕ ಕೂತು "ಅಮ್ಮಿ ಇದು ಎರಡನೇದು, ಈಗ ಸಜ್ದಾ" ಅನ್ಲಿ. ರಾತ್ರಿ ಎದ್ರೆ ಗಡಿಯಾರ ತೋರ್ಸಿ ವಾದ ಮಾಡ್ಬೇಡಿ, ತಸ್ಬೀಹ್ (ಜಪದ ಮಣಿಸರ) ಕೈಗೆ ಕೊಟ್ಟು ಹಾಸಿಗೆ ಮೇಲೇ ಕೂರ್ಸಿ. ನಿಮಗೆ ಗುನಾ ಇಲ್ಲ, ಬೈಬೇಡಿ ಅಷ್ಟೇ.

ಗೋವಂಡಿ ಭಾಯ್: ಫಾರ್ವರ್ಡೆಡ್: ರಂಜಾನ್ ಕೊನೇ ಜುಮಾ 4 ರಕಾತ್ ಓದಿದ್ರೆ 700 ವರ್ಷದ ಖಜಾ (ತಪ್ಪಿದ ನಮಾಜ್) ಮಾಫ್!! ಮರೆವಿಗೆ ದುಆ (ಪ್ರಾರ್ಥನೆ) ಓದಿ ಊದಿದ ನೀರು ಸಾಕು, ಮಾತ್ರೆ ಬಿಡಿ!!

ಮೌಲಾನಾ: ಡಿಲೀಟ್ ಮಾಡಿ. ಮೊದಲನೇದು ಸುಳ್ಳು ಹದೀಸ್, ವಿದ್ವಾಂಸ ಮುಲ್ಲಾ ಅಲಿ ಖಾರಿ 400 ವರ್ಷದ ಹಿಂದೇನೇ ಬಾತಿಲ್ (ನಿರಾಧಾರ) ಅಂದಿದ್ದಾರೆ. ಆಗ 70 ವರ್ಷ ಅಂತಿತ್ತು, ವಾಟ್ಸಾಪಲ್ಲಿ 700 ಆಗಿದೆ. ದುಆ ಮಾಡಿ, ಮಾತ್ರೆ ಯಾರೂ ನಿಲ್ಲಿಸಬೇಡಿ.

ಬಾಂದ್ರಾ ಬ್ಯಾರಿ: ಗೋವಂಡಿಯವ್ರು ಅಸರ್ ಕೂಡ ಲೇಟಾಗೇ ಓದೋದು 😄 ನೆರಳು ವಸ್ತುವಿನಷ್ಟಾದ್ರೆ ಟೈಮ್ ಆಯ್ತು ರೀ.

ಗೋವಂಡಿ ಭಾಯ್: ಹನಫಿಗೆ ಎರಡು ಪಟ್ಟು. ಟ್ರೈನ್ ಹಿಡಿಯೋಕೆ ಬೇಗ ಓದಿ ಓಡೋರು ನೀವು.

ಬಾಂದ್ರಾ ಬ್ಯಾರಿ: ಶಾಫಿ ಪಂಥದ ನಮಗೆ ಹೇಳ್ಕೊಡೋಕೆ ಬಂದ್ರು! ಮೊದ್ಲು ಫಾರ್ವರ್ಡ್ ಓದಿ ಕಳ್ಸೋದು ಕಲೀರಿ.

ಮೌಲಾನಾ: ಎರಡೂ ಸರಿ. ಸಾಕು.

ಕುರ್ಲಾ ಅಕ್ಕ: ಸಾಕ್ಸ್?

ಗೋವಂಡಿ ಭಾಯ್: ಶುರು ಮಾಡಿದ್ದು ಅವ್ರು.

ಕಲ್ಯಾಣ್ ಪಾಸ್: ಕಲ್ಯಾಣಿಂದ ಸಿಎಸ್‌ಎಂಟಿಗೆ ಎರಡು ರಕಾತ್ ನಡೆಯುತ್ತಾ?

ಮೌಲಾನಾ: ಮೇಲೆ ಓದಿ.

ಮುಂಬ್ರಾ ಮನೆ: ಅಮ್ಮಿದು ತಪ್ಪಿಹೋದ ನಮಾಜಿಗೆ ಫಿದ್ಯಾ (ಪರಿಹಾರದ ದಾನ) ಕೊಡ್ಬೇಕಾ?

ಮೌಲಾನಾ: ಬೇಡ, ಬದುಕಿರುವಾಗ ನಮಾಜಿಗೆ ಫಿದ್ಯಾ ಇಲ್ಲ. ಡಾಕ್ಟರ್ ಏನಂದ್ರು ಅಂತ ನಂಗೆ ಪರ್ಸನಲ್ಲಾಗಿ ಹಾಕಿ, ಇಲ್ಲಿ ಬೇಡ.