ಒಬ್ಬರೇ ರೋಗಿಯ ಎಫ್‌ಎಂಆರ್‌ಐ ದತ್ತಾಂಶ: ಮಿತಿಯನ್ನು ಎಲ್ಲಿ ಇಡಬೇಕು?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು)

ನಮಸ್ಕಾರ. ಮಿದುಳಿನ ಎಡಭಾಗದಲ್ಲಿ ಗೆಡ್ಡೆಯಿರುವ, ಮನೆಮಾತು ಕನ್ನಡವಾಗಿರುವ ರೋಗಿಯೊಬ್ಬರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಎಫ್‌ಎಂಆರ್‌ಐ (ರಕ್ತದ ಹರಿವಿನ ಬದಲಾವಣೆಯಿಂದ ಮಿದುಳಿನ ಸಕ್ರಿಯ ಭಾಗಗಳನ್ನು ತೋರಿಸುವ ಸ್ಕ್ಯಾನ್) ಮಾಡಿದ್ದೇವೆ. 30 ಸೆಕೆಂಡು ‘ಕ’ಕಾರದಿಂದ ಆರಂಭವಾಗುವ ಪದಗಳನ್ನು ಮನಸ್ಸಿನಲ್ಲೇ ನೆನೆಯುವುದು, 30 ಸೆಕೆಂಡು ಸುಮ್ಮನಿರುವುದು, ಹೀಗೆ ಐದು ಸುತ್ತು, ಒಟ್ಟು 150 ಚಿತ್ರಗಳು. ಪಿ ಮೌಲ್ಯದ (ನಿಜವಾದ ಸಕ್ರಿಯತೆ ಇಲ್ಲದಿದ್ದರೂ ಇಂತಹ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವನೀಯತೆ) ಮಿತಿ 0.001 ಇದ್ದಾಗ ಬ್ರೋಕಾ ಪ್ರದೇಶ (ಮಾತನ್ನು ರೂಪಿಸುವ ಭಾಗ) ಕಾಣುತ್ತದೆ; ಬಾನ್‌ಫೆರೋನಿ ತಿದ್ದುಪಡಿ (ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಮಿತಿಯನ್ನು ಬಿಗಿಗೊಳಿಸುವುದು) ಮಾಡಿದರೆ ಅಲ್ಲಿ ಏನೂ ಉಳಿಯುವುದಿಲ್ಲ. ಯಾವುದನ್ನು ನಂಬಿ ವರದಿ ಬರೆಯಲಿ?

ಉತ್ತರ 1 (ಸಂಖ್ಯಾಶಾಸ್ತ್ರ ಬೋಧಕ)

50,000 ವಾಕ್ಸೆಲ್‌ಗಳನ್ನು (ಮಿದುಳಿನ ಚಿತ್ರದ ಪುಟ್ಟ ಘನ ತುಣುಕುಗಳನ್ನು) 0.001ರಲ್ಲಿ ಪರೀಕ್ಷಿಸಿದರೆ, ಮಿದುಳು ಏನನ್ನೂ ಮಾಡದಿದ್ದರೂ ಸುಮಾರು 50 ವಾಕ್ಸೆಲ್‌ಗಳು ಆಕಸ್ಮಿಕವಾಗಿಯೇ ಬೆಳಗುತ್ತವೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನಿನಲ್ಲೂ ಇಂತಹ ‘ಸಕ್ರಿಯತೆ’ಯನ್ನು ತೋರಿಸಿದ್ದು ಇದೇ ಕಾರಣಕ್ಕೆ. ಬಾನ್‌ಫೆರೋನಿ ಪ್ರಕಾರ ವಾಡಿಕೆಯ 0.05 ಅನ್ನು 50,000ದಿಂದ ಭಾಗಿಸಿದರೆ ನಿಮ್ಮ ಮಿತಿ ಹತ್ತು ಲಕ್ಷದಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ನೆರೆಯ ವಾಕ್ಸೆಲ್‌ಗಳು ಪರಸ್ಪರ ಸ್ವತಂತ್ರವಲ್ಲವಾದ್ದರಿಂದ, ಅದರಲ್ಲೂ ಚಿತ್ರವನ್ನು ನಯಗೊಳಿಸಿದ (ನೆರೆಯ ವಾಕ್ಸೆಲ್‌ಗಳ ಮೌಲ್ಯಗಳನ್ನು ಬೆರೆಸಿ ಸರಾಸರಿಗೊಳಿಸಿದ) ಮೇಲೆ, ಅದು ಅಗತ್ಯಕ್ಕಿಂತ ಬಿಗಿಯಾಗುತ್ತದೆ. ಬ್ರೋಕಾ ಪ್ರದೇಶವನ್ನೇ ನೋಡುವುದೆಂದು ನೀವು ಫಲಿತಾಂಶ ಕಾಣುವ ಮೊದಲೇ ನಿರ್ಧರಿಸಿದ್ದರೆ, ಅಷ್ಟು ಭಾಗಕ್ಕೆ ಮಾತ್ರ ತಿದ್ದುಪಡಿ ಮಾಡುವುದು ನ್ಯಾಯವಾದ ದಾರಿ.

ಇನ್ನೊಂದು ಮಾತು: ಒಂದು ಚಿತ್ರದ ಗದ್ದಲ (ಮಿದುಳಿನ ಕೆಲಸಕ್ಕೆ ಸಂಬಂಧಿಸದ ಏರಿಳಿತ) ಮುಂದಿನ ಚಿತ್ರಕ್ಕೂ ಹರಿಯುತ್ತದೆ, 150 ಚಿತ್ರಗಳೆಂದರೆ 150 ಸ್ವತಂತ್ರ ಅಳತೆಗಳಲ್ಲ. 2012ರಲ್ಲಿ ಆಂಡರ್ಸ್ ಎಕ್ಲುಂಡ್ ತಂಡವು ವಿಶ್ರಾಂತ ಸ್ಥಿತಿಯ (ಯಾವ ಕೆಲಸವನ್ನೂ ಕೊಡದೆ ತೆಗೆದ) 1484 ದತ್ತಾಂಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಶೇ. 5 ಇರಬೇಕಾದ ಹುಸಿ ಫಲಿತಾಂಶಗಳು ಕೆಲವು ವಿನ್ಯಾಸಗಳಲ್ಲಿ ಶೇ. 70ರವರೆಗೂ ಏರಿದವು. ಈ ಕಾಲಾನುಗತ ಗದ್ದಲವನ್ನು ಸರಳವಾಗಿ ಮಾದರಿಗೊಳಿಸಿದ್ದೇ ಅದಕ್ಕೆ ಮುಖ್ಯ ಕಾರಣ.

ಉತ್ತರ 2 (ನರವಿಕಿರಣ ವಿಭಾಗದಲ್ಲಿ ಕೆಲಸ ಮಾಡುವವರು)

ಮೇಲಿನದನ್ನು ಒಪ್ಪುತ್ತೇನೆ. ಆದರೆ ಸಂಶೋಧನೆಯಲ್ಲಿ ಹುಸಿ ಸಕ್ರಿಯತೆ ದೊಡ್ಡ ತಪ್ಪಾದರೆ, ಶಸ್ತ್ರಚಿಕಿತ್ಸೆಯಲ್ಲಿ ಇರುವುದನ್ನು ಇಲ್ಲವೆನ್ನುವುದೇ ದೊಡ್ಡ ತಪ್ಪು. ಅದರ ಬೆಲೆ ಒಬ್ಬ ಮನುಷ್ಯರ ಮಾತು. ಗೆಡ್ಡೆಯ ಸುತ್ತ ರಕ್ತನಾಳಗಳ ಪ್ರತಿಕ್ರಿಯೆಯೇ ಕುಂದಿರಬಹುದಾದ್ದರಿಂದ, ಬಣ್ಣ ಕಾಣದ ಜಾಗವನ್ನು ‘ಕತ್ತರಿಸಬಹುದಾದ ಜಾಗ’ ಎಂದು ದಯವಿಟ್ಟು ಬರೆಯಬೇಡಿ. ಎರಡು ಮೂರು ಮಿತಿಗಳಲ್ಲಿ ನಕ್ಷೆಯನ್ನು ಕೊಟ್ಟು, ಮಿದುಳಿನ ಎಡ–ಬಲ ಭಾಗಗಳ ಸಕ್ರಿಯತೆಯ ಅನುಪಾತ ಮಿತಿಯೊಂದಿಗೆ ಹೇಗೆ ಬದಲಾಗುತ್ತದೆಂದು ತಿಳಿಸಿ. ತಲೆಯ ಚಲನೆಯನ್ನು ನೋಡಿದಿರಾ?

ಪ್ರಶ್ನೆ ಕೇಳಿದವರು

ಈಗ ನೋಡಿದೆ. ನಾಲ್ಕನೆಯ ಸುತ್ತಿನ ಆರಂಭದಲ್ಲಿ ತಲೆ ಸುಮಾರು 2 ಮಿ.ಮೀ. ಜರುಗಿದೆ, ಅದೂ ಪದ ನೆನೆಯುವ ಸೂಚನೆ ಬಂದ ಕ್ಷಣದಲ್ಲೇ; ಹಾಗಾಗಿ ಚಲನೆಯೇ ಸಕ್ರಿಯತೆಯಂತೆ ಕಂಡಿರಬಹುದು. ರೋಗಿ ಒಪ್ಪಿದ್ದಾರೆ, ಬರುವ ವಾರ ‘ಮ’ಕಾರದೊಂದಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತೇವೆ, ಬ್ರೋಕಾ ಪ್ರದೇಶದ ಗಡಿಯನ್ನು ಮೊದಲೇ ಗುರುತಿಸಿಟ್ಟುಕೊಂಡು.