ಸಹಾಯ ಬೇಕು: ಕೆಳಗೆ ಫ್ರೀಜರ್ ಇರುವ ಫ್ರಿಜ್, ಮೇಲೆ ತಂಪೇ ಇಲ್ಲ

ನಮಸ್ಕಾರ ಎಲ್ಲರಿಗೂ. ನಾವು ವಿಜಯಪುರದಲ್ಲಿದ್ದೇವೆ. ಮನೆಯಲ್ಲಿರುವುದು ಕೆಳಗೆ ಫ್ರೀಜರ್ ಇರುವ ಫ್ರಿಜ್, 6 ವರ್ಷ ಹಳೆಯದು. ಕೆಳಗೆ ಐಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಮಾತ್ರ ತಂಪಿಲ್ಲ. ರಾತ್ರಿ ಇಟ್ಟ ಮೊಸರು ಬೆಳಿಗ್ಗೆಗೆ ಹುಳಿ. ಈ ಬಿಸಿಲಲ್ಲಿ ಅಮ್ಮನ ಇನ್ಸುಲಿನ್ ಕೂಡ ಅದರಲ್ಲೇ ಇಡಬೇಕು, ಅದೇ ದೊಡ್ಡ ಚಿಂತೆ. ಸದ್ಯ ಪಕ್ಕದ ಮನೆಯಲ್ಲಿ ಇಟ್ಟಿದ್ದೇವೆ.

ಬಂದ ಮೆಕ್ಯಾನಿಕ್ ಸುಮ್ನೆ ನೋಡಿ "ಗ್ಯಾಸ್ ಹೋಗಿದೆ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಗ್ಯಾಸ್ ಹೋಗಿದ್ದರೆ ಕೆಳಗೆ ಐಸ್ ಹೀಗೆ ಕಟ್ಟುತ್ತಿತ್ತಾ?

ಪ್ಲಗ್ ತೆಗೆದು ಫ್ರೀಜರ್ ಹಿಂದಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿದೆ. ತಂಪು ಮಾಡುವ ಕಾಯಿಲ್ ಕಾಣದಷ್ಟು ಬಿಳಿ ಹಿಮ, ಫ್ಯಾನಿನ ರೆಕ್ಕೆವರೆಗೂ. ನೀರು ಇಳಿಯುವ ತೂತೂ ಕಟ್ಟಿತ್ತು. ಚಾಕು ಹಾಕಲಿಲ್ಲ, ಪೈಪ್ ತೂತಾದರೆ ಕಥೆ ಮುಗೀತು ಅಲ್ವಾ. ಒಂದು ದಿನ ಬಾಗಿಲು ತೆರೆದಿಟ್ಟು ಕರಗಿಸಿದೆ. 8 ದಿನ ಚೆನ್ನಾಗಿತ್ತು, ಮತ್ತೆ ಅದೇ.

ಕಾಯಿಲ್ ಮೇಲಿನ ಹಿಮ ಕರಗಿಸುವ ಡಿಫ್ರಾಸ್ಟ್ ಹೀಟರ್ ಸುಟ್ಟಿದೆಯಾ, ಸೆನ್ಸರ್ ಹೋಗಿದೆಯಾ? ಮಲ್ಟಿಮೀಟರ್ ಇದೆ. ಯಾವುದನ್ನು ಮೊದಲು ನೋಡಲಿ, ಎಷ್ಟು ಓಮ್ ಬರಬೇಕು? ಗಾಂಧಿ ಚೌಕ್ ಕಡೆ ಬಿಡಿಭಾಗ ಸಿಗುವ ಅಂಗಡಿ ಗೊತ್ತಿದ್ದರೂ ದಯವಿಟ್ಟು ತಿಳಿಸಿ.